ಮಗುವಿನ ತಂದೆ ‘ತೀರಿಕೊಂಡಿದ್ದಾರೆ’ ಅಂತ ಬರೆದ ಏಜೆಂಟ್: ಕೆನಡಾಕ್ಕೆ ಸ್ಪಾನ್ಸರ್ ಮಾಡುವವರೇ, ಎಚ್ಚರ

ಹೆಂಡತಿಯನ್ನೂ ಅವಳ ಮೊದಲ ಮದುವೆಯ ಮಗುವನ್ನೂ ಕೆನಡಾಕ್ಕೆ ಕರೆಸಿಕೊಳ್ಳಲು ಹೊರಟವರಿಗೆ ಈ ಮಾತು. ಮಗುವಿನ ಹೆತ್ತ ತಂದೆ ಎಲ್ಲಿದ್ದಾನೆ ಅನ್ನೋದೇ ಗೊತ್ತಿಲ್ಲದಿದ್ದರೆ, ಅರ್ಜಿ ಹಾಕುವ ಮೊದಲು ಇದನ್ನು ಓದಿ.

ನಾನಿರುವುದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಪಿಆರ್ (ಕಾಯಂ ನಿವಾಸದ ಹಕ್ಕು) ಇದೆ. ಹೆಂಡತಿ, ಮಗಳು ದಾವಣಗೆರೆಯಲ್ಲಿದ್ದಾರೆ. ಹೆಂಡತಿಯ ಮೊದಲ ಮದುವೆ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮುಗಿದಿತ್ತು. ಮಗು ತಾಯಿಯ ಹತ್ತಿರ ಇರತಕ್ಕದ್ದು ಅಂತ ಡಿಕ್ರಿಯಲ್ಲಿ ಒಂದು ಸಾಲು ಇದೆ, ಅಷ್ಟೇ. ಆ ಮನುಷ್ಯ ಆಮೇಲೆ ಗಲ್ಫ್‌ಗೆ ಹೋದನಂತೆ. ಫೋನಿಲ್ಲ, ಸುದ್ದಿಯಿಲ್ಲ. ಜೀವನಾಂಶದ ಮಾತಂತೂ ಬಿಡಿ.

ಬೆಂಗಳೂರಿನ ಏಜೆಂಟ್ ಒಬ್ಬ ಮೊದಲ ದಿನವೇ ಕೊಟ್ಟ ಸಲಹೆ: “ಸಾರ್, ಮಗೂನ ಈಗ ತೋರಿಸೋದೇ ಬೇಡ. ಮೇಡಂ ಹೋಗ್ಲಿ, ಆಮೇಲೆ ಕರೆಸ್ಕೊಂಡ್ರಾಯ್ತು.” ಇದನ್ನು ಯಾರು ಹೇಳಿದರೂ ಕೇಳಬೇಡಿ. ಜೊತೆಗೆ ಬರದ ಮಗುವಿನ ಹೆಸರನ್ನೂ ಅರ್ಜಿಯಲ್ಲಿ ಹಾಕಬೇಕು, ಮೆಡಿಕಲ್ ಕೂಡ ಮಾಡಿಸಬೇಕು. ಮುಚ್ಚಿಟ್ಟರೆ ಕೆನಡಾ ವಲಸೆ ನಿಯಮಾವಳಿಯ 117(9)(ಡಿ) ನಿಯಮ ಅಡ್ಡ ಬರುತ್ತದೆ. ಆ ಮಗುವನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚಿಹೋಗಬಹುದು. ನಾವು ಒಪ್ಪಲಿಲ್ಲ. ಅವನೂ ಸುಮ್ನೆ ತಲೆಯಾಡಿಸಿದ.

ಅವನ ಇನ್ನೊಂದು ವಾದ ಹೀಗಿತ್ತು: ಅಪ್ಪನ ಸಹಿ ಇಲ್ಲದೆ ಮಗಳ ಪಾಸ್‌ಪೋರ್ಟ್ ಬಂತಲ್ಲ, ವೀಸಾನೂ ಹಾಗೇ ಬರತ್ತೆ. ಇಲ್ಲೇ ಜಾಸ್ತಿ ಜನ ಎಡವುವುದು. ನಮ್ಮ ಪಾಸ್‌ಪೋರ್ಟ್ ಕಚೇರಿ ಅನೆಕ್ಷರ್ ಸಿ ಅನ್ನೋ ಘೋಷಣೆಯ ಮೇಲೆ, ಒಬ್ಬರೇ ಪೋಷಕರ ಸಹಿಗೆ ಮಗುವಿನ ಪಾಸ್‌ಪೋರ್ಟ್ ಕೊಡುತ್ತದೆ. ಕೆನಡಾದವರು ಕೇಳುವುದೇ ಬೇರೆ. ಐಎಂಎಂ 5604 ಅಂತ ಒಂದು ಫಾರಂ ಇದೆ. ಮಗು ವಲಸೆ ಹೋಗಲು ನನ್ನ ಒಪ್ಪಿಗೆ ಇದೆ ಅಂತ, ಜೊತೆಗೆ ಬರದ ತಂದೆ ಅಥವಾ ತಾಯಿ ಅದರಲ್ಲಿ ಸಹಿ ಹಾಕಬೇಕು. ಆ ಸಹಿ ಸಿಗದಿದ್ದರೆ ಯಾಕೆ ಸಿಗಲಿಲ್ಲ, ಎಲ್ಲೆಲ್ಲಿ ಹುಡುಕಿದಿರಿ ಅನ್ನೋದಕ್ಕೆ ದಾಖಲೆ ಬೇಕು, ಕೋರ್ಟಿನ ಆದೇಶ ಇದ್ದರೆ ಅದೂ ಬೇಕು.

ನಮ್ಮ ಏಜೆಂಟ್ ಆ ಫಾರಂ ಜಾಗದಲ್ಲಿ ಒಂದು ಪತ್ರ ಸೇರಿಸಿದ್ದ. ‘ಮಗುವಿನ ತಂದೆ ತೀರಿಕೊಂಡಿದ್ದಾರೆ, ಮರಣ ಪ್ರಮಾಣಪತ್ರ ಲಭ್ಯವಿಲ್ಲ.’ ಅದನ್ನು ನಮಗೆ ತೋರಿಸಿರಲೇ ಇಲ್ಲ. ಸುಳ್ಳು ಮಾಹಿತಿಯ ಅನುಮಾನವಿದೆ, ವಿವರಣೆ ಕೊಡಿ ಅಂತ ವಲಸೆ ಇಲಾಖೆಯ ನೋಟಿಸ್ ಬಂದಾಗಲೇ ವಿಷಯ ಹೊರಬಿದ್ದದ್ದು. ಅದೂ ತಡವಾಗಿ. ಅರ್ಜಿಯಲ್ಲಿದ್ದ ಇಮೇಲ್ ನನ್ನ ಹೆಂಡತಿಯದಲ್ಲ, ಅವಳ ಹೆಸರಲ್ಲಿ ಅವನೇ ತೆರೆದದ್ದು! ಕೇಳಿದರೆ, “ಎಲ್ರೂ ಹಂಗೇ ಹಾಕೋದು ಸಾರ್” ಅಂದ. ಸುಳ್ಳು ಮಾಹಿತಿ ಅಂತ ತೀರ್ಮಾನವಾದರೆ 5 ವರ್ಷ ಕೆನಡಾ ಪ್ರವೇಶವಿಲ್ಲ. ಏಜೆಂಟ್ ಬರೆದದ್ದು ಅನ್ನೋ ಸಬೂಬು ಸಾಮಾನ್ಯವಾಗಿ ನಡೆಯುವುದಿಲ್ಲ, ಅರ್ಜಿಯಲ್ಲಿರುವುದಕ್ಕೆಲ್ಲ ಅರ್ಜಿದಾರರೇ ಹೊಣೆ.

ಇಲ್ಲಿ ಲೈಸೆನ್ಸ್ ಇರುವ ವಕೀಲರನ್ನು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಬರೆದು ಕಾಲಾವಕಾಶ ಕೇಳಿದೆವು. ಅತ್ತ ದಾವಣಗೆರೆಯ ವಕೀಲರು ಮೊದಲು ಕೇಳಿದ್ದು, ಆ ಮನುಷ್ಯನಿಗೆ ಹಿಂದೆ ಕಳಿಸಿದ ಪತ್ರ ಏನಾದರೂ ಇದೆಯಾ ಅಂತ. ಅತ್ತೆ ಬೀರುವಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ಅವನ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬಂದದ್ದು. ಮೇಲೆ ಪೋಸ್ಟ್‌ಮ್ಯಾನ್ ನೀಲಿ ಪೆನ್ನಲ್ಲಿ ‘ಮನೆ ಬಿಟ್ಟು ಹೋಗಿದ್ದಾರೆ’ ಅಂತ ಬರೆದು ತಾರೀಖು ಹಾಕಿದ್ದ. ಒಡೆಯದೆ ಹಾಗೇ ಫೈಲಿಗೆ ಸೇರಿಸಿದರು. ಏಜೆಂಟ್ ಇದನ್ನೇ ನೋಡಿ “ಕಸ ಇದು” ಅಂದಿದ್ದ.

ತಂದೆಯ ಸಹಿ ಸಿಗದಿದ್ದಾಗ, ಮಗು ವಾಸವಿರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ (ಮಕ್ಕಳ ಪಾಲಕತ್ವದ ಕಾಯ್ದೆ) ಅರ್ಜಿ ಹಾಕಬಹುದು. ಎದುರು ಪಕ್ಷದವರು ಸಿಗದಿದ್ದರೆ ಕೋರ್ಟ್ ಪತ್ರಿಕೆಯಲ್ಲಿ ನೋಟಿಸ್ ಹಾಕಿಸುತ್ತದೆ. ಆಮೇಲೂ ಬಾರದಿದ್ದರೆ ಏಕಪಕ್ಷೀಯವಾಗಿ ಆದೇಶ ಆಗಬಹುದು. ಆದೇಶದಲ್ಲಿ ಮಗುವನ್ನು ಕೆನಡಾಕ್ಕೆ ಕಾಯಂ ಆಗಿ ಕರೆದೊಯ್ಯಲು ಅನುಮತಿ ಅಂತ ಸ್ಪಷ್ಟವಾಗಿ ಕೇಳಿ ಬರೆಸಿಕೊಳ್ಳಿ. ‘ತಾಯಿಯ ಹತ್ತಿರ ಇರತಕ್ಕದ್ದು’ ಅನ್ನೋ ಸಾಲು ಸಾಲುವುದಿಲ್ಲ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಅದಕ್ಕೇ ಸ್ಪಾನ್ಸರ್ ಅರ್ಜಿಗಿಂತ ಮೊದಲೇ ಇದನ್ನು ಶುರು ಮಾಡಿ.

ನಮ್ಮ ಆದೇಶದ ಪ್ರತಿಯನ್ನು ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಮಗಳು ಈ ವರ್ಷವೂ ದಾವಣಗೆರೆಯ ಸ್ಕೂಲಿಗೇ ಹೋಗುತ್ತಿದ್ದಾಳೆ.

ದುಡ್ಡು ತೆಗೆದುಕೊಂಡು ಕೆನಡಾ ಅರ್ಜಿ ಮಾಡಿಕೊಡುವವರು ಸಾಮಾನ್ಯವಾಗಿ ಕೆನಡಾದ ವಕೀಲರಾಗಿರಬೇಕು, ಇಲ್ಲವೇ ವಲಸೆ ಸಲಹೆಗಾರರಿಗೆ ಲೈಸೆನ್ಸ್ ಕೊಡುವ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಸಂಸ್ಥೆಯ ಸದಸ್ಯರಾಗಿರಬೇಕು. ಸದಸ್ಯರ ಪಟ್ಟಿ ಆನ್‌ಲೈನಲ್ಲೇ ಇದೆ, ಹೆಸರು ಹಾಕಿ ನೋಡಿ. ಪ್ರತಿನಿಧಿ ಅಂತ ಐಎಂಎಂ 5476 ಫಾರಂನಲ್ಲಿ ಅವರ ಹೆಸರು, ಸಹಿ ಇರಬೇಕು. ನಮ್ಮವನು “ನನ್ನ ಹೆಸರು ಹಾಕಿದ್ರೆ ಫೀಸು ಜಾಸ್ತಿ ಆಗತ್ತೆ ಸಾರ್” ಅಂದಿದ್ದ. ಹಾಗಂದವರಿಗೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.