7 ಕಿಲೋ ಇಳಿಯಿತೆಂದು ಹಿಗ್ಗಿದವನ ಎಚ್ಚರಿಕೆ

‘ನಡುವಯಸ್ಸಿನವರಿಗಾಗಿ 12 ವಾರಗಳಲ್ಲಿ ಕೊಬ್ಬು ಕರಗಿಸುವ ಕಾರ್ಯಕ್ರಮ’ ಎಂಬ ಕೇಂದ್ರವೊಂದರ ಮಾತನ್ನು ನಂಬಿ, ನನ್ನ 47ನೆಯ ವಯಸ್ಸಿನಲ್ಲಿ ಪೂರ್ತಿ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿದೆ. ಅವರು ಹೇಳಿದ್ದು ಕೊಬ್ಬು ಎಂದು, ತೂಕ ಎಂದಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಕೊನೆಯಲ್ಲಿ ಅವರೇ ಅದನ್ನು ಮರೆತರು.

ಮೊದಲ ದಿನ ಮಧ್ಯಾಹ್ನ, ಊಟವಾದ ಮೇಲೆ, ಬೂಟು ಕಳಚುವುದಕ್ಕೂ ಹೇಳದೆ ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿದರು. ತೂಕ 82 ಕಿಲೋ. ಆಮೇಲೆ ಬರಿಗಾಲಲ್ಲಿ ಕೊಬ್ಬಿನ ಅಳತೆಯಾಯಿತು, ದೇಹದ ತೂಕದಲ್ಲಿ ಶೇ. 31. ಆ ಚೀಟಿಯನ್ನು ಮುಂದಿಟ್ಟುಕೊಂಡೇ ನನ್ನನ್ನು ಹೆದರಿಸಿದರು. ಮೊದಲ ವಾರದಲ್ಲೇ 2 ಕಿಲೋ ಇಳಿದಾಗ ನಾನು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದೆ. ಪಿಷ್ಟವನ್ನು ಒಮ್ಮೆಲೇ ಕಡಿತಗೊಳಿಸಿದರೆ ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖರ್ಚಾಗುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರೂ ಹೊರಟುಹೋಗುತ್ತದೆ ಎಂಬುದನ್ನು ಅಂದು ಯಾರೂ ಹೇಳಲಿಲ್ಲ. ನಾನು ಸಂಭ್ರಮಿಸಿದ್ದು ಬಹುಪಾಲು ನೀರಿಗಾಗಿ!

ಕೊನೆಯ ದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಹಿಂದಿನ ರಾತ್ರಿಯಿಂದ ನೀರನ್ನೂ ಕುಡಿಯದೆ ಬರಬೇಕೆಂದರು. ತೂಕ 75 ಕಿಲೋ. ಚಪ್ಪಾಳೆ ತಟ್ಟಿ, ಚಿತ್ರ ತೆಗೆದರು. ಕೊಬ್ಬಿನ ಚೀಟಿಯನ್ನು ಮಾತ್ರ ನಾನಾಗಿ ಕೇಳುವವರೆಗೂ ಕೊಡಲಿಲ್ಲ. ಅದರಲ್ಲಿದ್ದದ್ದು ಶೇ. 29.5. ಮನೆಗೆ ಬಂದು ಲೆಕ್ಕ ಹಾಕಿದೆ: ಮೊದಲು ಕೊಬ್ಬು ಸುಮಾರು 25.4 ಕಿಲೋ, ಈಗ 22.1. ಹಾಗಾದರೆ ಹೋದ 7 ಕಿಲೋದಲ್ಲಿ ಕೊಬ್ಬು 3.3 ಕಿಲೋ ಮಾತ್ರ, ಉಳಿದ 3.7 ಕಿಲೋ ಸ್ನಾಯು, ನೀರು, ಜೊತೆಗೆ ಮೊದಲ ದಿನದ ಬೂಟು ಮತ್ತು ಊಟ. ಸೊಂಟದ ಸುತ್ತಳತೆಯೂ ಹೆಚ್ಚೇನೂ ಇಳಿದಿರಲಿಲ್ಲ, ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ಕಾಗದದ ಮೇಲಿನ ಆ ಕಳೆಯುವ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ, ಪ್ರತಿ ಸಲವೂ ಮುಖ ಬಿಸಿಯೇರಿತು.

ಕೇಳಲು ಹೋದರೆ, ‘ತೂಕ ಇಳಿದಿದೆಯಲ್ಲ ಸರ್, ಇನ್ನೇನು ಬೇಕು?’ ಎಂದರು. ಚೀಟಿ ತೋರಿಸಿದರೆ, ‘ನೀವು ನೀರು ಕುಡಿಯದೆ ಬಂದಿದ್ದೀರಿ, ಅದಕ್ಕೇ ಯಂತ್ರ ಕೊಬ್ಬನ್ನು ಹೆಚ್ಚು ತೋರಿಸಿದೆ’ ಎಂದರು. ಮೈಯಲ್ಲಿ ನೀರು ಕಡಿಮೆಯಾದಾಗ ಅಂತಹ ಯಂತ್ರ ಹಾಗೆ ತೋರಿಸುವುದು ನಿಜ. ಆದರೆ ನೀರು ಕುಡಿಯಬೇಡಿ ಎಂದವರು ಯಾರು? ಹೆದರಿಸುವಾಗ ತಪ್ಪದ ಯಂತ್ರ ಉತ್ತರ ಕೊಡಬೇಕಾದಾಗ ತಪ್ಪಿತೇ? ಹತ್ತು ದಿನಗಳಲ್ಲಿ 3 ಕಿಲೋ ಮರಳಿತು ಎಂದಾಗ, ‘ನೀವು ಶಿಸ್ತು ಬಿಟ್ಟಿರಿ’ ಎಂದು ಬರೆದರು. ಅದೂ ನನ್ನದೇ ತಪ್ಪು.

ಮೂವತ್ತು ದಾಟಿದ ಮೇಲೆ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ತಾನಾಗಿಯೇ ಕ್ಷೀಣಿಸುತ್ತದೆ. ಅಂತಹ ವಯಸ್ಸಿನವನಿಗೆ ಭಾರ ಎತ್ತುವ ವ್ಯಾಯಾಮವನ್ನೇ ಕೊಡದೆ, ಪ್ರೋಟೀನಿನ ಮಾತೆತ್ತದೆ, ಹಸಿವಿನಲ್ಲಿಟ್ಟು ಓಡಿಸಿದವರು ಇವರು. ನೀವು ಹಣ ಕಟ್ಟುವ ಮೊದಲು, ಫಲಿತಾಂಶವನ್ನು ಯಾವುದರಿಂದ ಅಳೆಯುತ್ತೀರಿ ಎಂದು ಬರಹದಲ್ಲಿ ಕೇಳಿ. ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ಅಳತೆ ಮಾಡಿಸಿ. ಸೊಂಟದ ಸುತ್ತಳತೆಯನ್ನು ನೀವೇ ಟೇಪು ಹಿಡಿದು ಬರೆದಿಡಿ. ಮುಂಗಡ ಪೂರ್ತಿ ಕೇಳಿದರೆ ಎದ್ದು ಬನ್ನಿ.

ತಕ್ಕಡಿಯ ಮೇಲೆ ನಗುತ್ತ ನಿಂತ ನನ್ನ ಚಿತ್ರ ಅವರ ಜಾಹೀರಾತಿನಲ್ಲಿ ಇನ್ನೂ ಇದೆ. ತೆಗೆಯಿರಿ ಎಂದು ಮೂರು ಸಲ ಬರೆದೆ. ಎರಡನೆಯ ಹಂತಕ್ಕೆ ಸೇರಿದರೆ ರಿಯಾಯಿತಿ ಇದೆ ಎಂಬ ಉತ್ತರ ಬಂತು.