ಮಣಿಪಾಲದ ಏರು, ಮೂರು ಮಳೆಗಾಲ, ಮೂರು ಚೈನು: ಕೆಎಂಸಿ ಎಕ್ಸ್8 ಸೈಕಲ್ ಚೈನು ಬಳಸಿದ ಅನುಭವ

2021ರ ಜುಲೈ ತಿಂಗಳ ಒಂದು ಬೆಳಗ್ಗೆ, ಇಂದ್ರಾಳಿಯ ರೈಲ್ವೆ ಸೇತುವೆ ದಾಟಿ ಮಣಿಪಾಲದ ಕಡೆಗೆ ಏರು ಹತ್ತುತ್ತಿದ್ದೆ. ಮಳೆ ಬಿಡದೆ ಸುರಿಯುತ್ತಿತ್ತು. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವಸರದಲ್ಲಿ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ, ತುಳಿಯುತ್ತಲೇ ಮುಂದಿನ ಗೇರನ್ನು, ಅಂದರೆ ಪೆಡಲಿನ ಬಳಿಯದನ್ನು, ಸಣ್ಣ ಹಲ್ಲುಚಕ್ರಕ್ಕೆ ಇಳಿಸಿದೆ. ಟಪ್ಪೆಂದು ಸದ್ದಾಯಿತು. ಪೆಡಲ್ ಬರಿದಾಗಿ ಜಾರಿತು, ಮೊಣಕಾಲು ಹ್ಯಾಂಡಲಿಗೆ ಬಡಿಯಿತು, ನಾನು ರಸ್ತೆಯಂಚಿನ ಕೆಸರಿಗೆ ಬಿದ್ದೆ. ಬಲಗಡೆಗೆ ಬಿದ್ದಿದ್ದರೆ ಈ ವಿಮರ್ಶೆ ಬರೆಯಲು ನಾನಿರುತ್ತಿರಲಿಲ್ಲ.

ಅಂದು ತುಂಡಾದ ಚೈನು ಯಾವ ಕಂಪನಿಯದೆಂದು ಹೇಳುವುದಿಲ್ಲ, ಏಕೆಂದರೆ ತಪ್ಪು ಅದರದಲ್ಲ. ಅದರ ಬದಲಿಗೆ ಹಾಕಿಸಿದ್ದು ತೈವಾನಿನ ಕೆಎಂಸಿ ಕಂಪನಿಯ ಎಕ್ಸ್8. ಹಿಂದೆ ಎಂಟು ಗೇರಿನವರೆಗಿನ ಸೈಕಲ್ಲುಗಳಿಗೆ ಆಗುವ ಚೈನು. ಮೂರು ವರ್ಷಗಳಲ್ಲಿ ಅದೇ ಮಾದರಿಯ ಮೂರು ಚೈನುಗಳ ಮೇಲೆ ಸುಮಾರು 8,300 ಕಿಲೋಮೀಟರ್ ಓಡಿಸಿದ್ದೇನೆ. ದಿನವೂ ಕಡಿಯಾಳಿಯಿಂದ ಮಣಿಪಾಲಕ್ಕೆ ಹೋಗಿ ಬರುವುದು, ಭಾನುವಾರ ಮಲ್ಪೆ ಅಥವಾ ಕಾಪು ಕಡೆಗೆ. ಉಪ್ಪುಗಾಳಿ, ಮರಳು, ಮುರಕಲ್ಲಿನ ಕೆಂಪು ಧೂಳು, ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ: ಚೈನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಒಂದು ಸಲವೂ ತುಂಡಾಗಿಲ್ಲ.

ಆದರೆ ಒಳ್ಳೆಯ ಚೈನು ಕೊಂಡ ಮಾತ್ರಕ್ಕೆ ತುಂಡಾಗುವುದು ನಿಂತಿತು ಎಂದು ತಿಳಿಯಬೇಡಿ. ಅಂದು ಬಿದ್ದ ಚೈನನ್ನು ಮನೆಗೆ ತಂದು ಬೆಳಕಿನಲ್ಲಿ ಹಿಡಿದು ನೋಡಿದೆ. ಎಲ್ಲಿಯೂ ಲೋಹ ಹರಿದಿರಲಿಲ್ಲ. ಒಂದು ಕೊಂಡಿಯ ಹೊರಪಟ್ಟಿ ಪಿನ್ನಿನ ತುದಿಯಿಂದ ಕಳಚಿಕೊಂಡು ಹೊರಕ್ಕೆ ಬಾಗಿತ್ತು, ಅಷ್ಟೇ. ಆ ಪಿನ್ ಯಾವುದೆಂದು ಗುರುತು ಸಿಕ್ಕಿತು: ಎರಡು ತಿಂಗಳ ಹಿಂದೆ ರಿಪೇರಿಗೆ ಕೊಟ್ಟಾಗ ಹೊರದಬ್ಬಿ, ಮತ್ತೆ ಸುತ್ತಿಗೆಯಿಂದ ಒಳಗೆ ಹೊಡೆದಿದ್ದ ಪಿನ್. ತಲೆಯ ಮೇಲೆ ಪೆಟ್ಟಿನ ಗುರುತು ಹಾಗೆಯೇ ಇತ್ತು.

ರಿಪೇರಿ ಮಾಡಿದವರನ್ನು ನಾನು ದೂರುವುದಿಲ್ಲ. ಅವರ ಕೈ ಪಳಗಿದ್ದು ಗೇರಿಲ್ಲದ ಹಳೆಯ ಸೈಕಲ್ಲುಗಳಲ್ಲಿ. ಆ ಚೈನುಗಳು ಅಗಲ, ಪಿನ್ನುಗಳು ಪಟ್ಟಿಯಿಂದ ಚೆನ್ನಾಗಿ ಹೊರಗೆ ಚಾಚಿರುತ್ತವೆ, ಅಕ್ಕಪಕ್ಕಕ್ಕೆ ಎಳೆತವೂ ಇರುವುದಿಲ್ಲ. ಅಲ್ಲಿ ಪಿನ್ ತೆಗೆದು ಹೊಡೆದರೂ ವರ್ಷಗಟ್ಟಲೆ ನಡೆಯುತ್ತದೆ. ಗೇರಿನ ಚೈನು ತೆಳು. ಅದರ ಪಿನ್ನಿನ ತುದಿಯನ್ನು ಕಾರ್ಖಾನೆಯಲ್ಲಿ ಜಜ್ಜಿ ಅಣಬೆಯ ತಲೆಯ ಹಾಗೆ ಕೊಂಚ ಅಗಲಿಸಿರುತ್ತಾರೆ. ಪಟ್ಟಿಯನ್ನು ಹಿಡಿದಿಡುವುದು ಆ ಕೂದಲೆಳೆಯಷ್ಟು ಅಂಚು. ಪಿನ್ನನ್ನು ಒಮ್ಮೆ ಹೊರದಬ್ಬಿದರೆ ಆ ಅಂಚು ಸವೆದು ಹೋಗುತ್ತದೆ. ಮರಳಿ ಒಳಗೆ ತಳ್ಳಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಬಲದ ಲೆಕ್ಕವನ್ನು ಒಂದು ಸಂಜೆ ಕುಳಿತು ಹಾಕಿದೆ. ನನ್ನ ತೂಕ 70 ಕೆಜಿ. ಪೆಡಲಿನ ತೋಳು 170 ಮಿಲಿಮೀಟರ್. ಮುಂದಿನ 42 ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 85 ಮಿಲಿಮೀಟರ್. ಅಂದರೆ ಪೆಡಲಿನ ಮೇಲೆ ಎದ್ದು ನಿಂತರೆ ಚೈನಿನ ಮೇಲೆ ತೂಕದ ಎರಡು ಪಟ್ಟು, 140 ಕೆಜಿಯ ಎಳೆತ ಬೀಳುತ್ತದೆ. 28 ಹಲ್ಲಿನ ಸಣ್ಣ ಚಕ್ರಕ್ಕೆ ಇಳಿದರೆ ಮೂರು ಪಟ್ಟು, 210 ಕೆಜಿ. ಸಣ್ಣ ಚಕ್ರದಲ್ಲಿ ಕಾಲಿಗೆ ಹಗುರವೆನಿಸುತ್ತದೆ, ಆದರೆ ಅಷ್ಟೇ ಜೋರಾಗಿ ತುಳಿದರೆ ಚೈನಿಗೆ ಭಾರ ಹೆಚ್ಚುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಥ ಚೈನು ಕನಿಷ್ಠ 8,000 ನ್ಯೂಟನ್, ಅಂದರೆ 800 ಕೆಜಿಯಷ್ಟು ಎಳೆತವನ್ನು ತಡೆಯಬೇಕು. ಹಾಗಾದರೆ ನೇರ ಎಳೆತದಿಂದ ಅದನ್ನು ತುಂಡರಿಸುವ ಕಾಲು ಯಾರಿಗೂ ಇಲ್ಲ. ಚೈನು ಸೋಲುವುದು ಅಡ್ಡ ಎಳೆತಕ್ಕೆ. ಗೇರ್ ಬದಲಾಗುವಾಗ ಅದು ಒಂದು ಚಕ್ರದಿಂದ ಇನ್ನೊಂದಕ್ಕೆ ಓರೆಯಾಗಿ ಹಾಯುತ್ತದೆ. ಆ ಕ್ಷಣದಲ್ಲಿ ಮೈಭಾರ ಹಾಕಿದರೆ ಹೊರಪಟ್ಟಿಯನ್ನು ಪಿನ್ನಿನಿಂದ ಕೀಳುವ ಹಾಗೆ ಬಲ ಬೀಳುತ್ತದೆ. ಅದರಲ್ಲೂ ಮುಂದಿನ ಗೇರಿನ ಅಪಾಯ ಹೆಚ್ಚು. ಹಿಂದಿನ ಡಿರೈಲರ್, ಅಂದರೆ ಗೇರ್ ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ ಭಾಗ, ಚೈನಿನ ಕೆಳಗಿನ ಸಡಿಲ ಭಾಗವನ್ನು ಸರಿಸುತ್ತದೆ. ಮುಂದಿನದು ಮೇಲಿನ ಬಿಗಿದ ಭಾಗವನ್ನೇ ಪಕ್ಕಕ್ಕೆ ತಳ್ಳುತ್ತದೆ. ನಾನು ಮಾಡಿದ್ದು ಅದನ್ನೇ, ಸಡಿಲ ಪಿನ್ ಇದ್ದ ಚೈನಿನಲ್ಲಿ, ಏರಿನಲ್ಲಿ.

ಈಗ ಇಂದ್ರಾಳಿ ಸೇತುವೆಯ ಮೇಲೆ, ಏರು ಶುರುವಾಗುವ ಮೊದಲೇ ಸಣ್ಣ ಚಕ್ರಕ್ಕೆ ಬರುತ್ತೇನೆ. ನಡುವೆ ಬದಲಿಸಲೇಬೇಕಾದರೆ ಎರಡು ಸುತ್ತು ಜೋರಾಗಿ ತುಳಿದು ವೇಗ ಗಳಿಸಿ, ಅರ್ಧ ಸುತ್ತು ಕಾಲನ್ನು ಹಗುರ ಮಾಡಿ, ಆಗ ಬದಲಿಸುತ್ತೇನೆ. ಈ ಅಭ್ಯಾಸ ಕೂಡಿಬರಲು ನನಗೆ ಒಂದು ತಿಂಗಳು ಹಿಡಿಯಿತು.

ಎಕ್ಸ್8 ನನಗೆ ಮೆಚ್ಚುಗೆಯಾಗಲು ಮುಖ್ಯ ಕಾರಣ ಅದರ ಜೊತೆಗೇ ಬರುವ ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿ. ಎರಡು ಪಟ್ಟಿಗಳು, ಪ್ರತಿಯೊಂದರಲ್ಲೂ ಕಾರ್ಖಾನೆಯಲ್ಲೇ ಕೂಡಿಸಿದ ಒಂದು ಪಿನ್. ಎರಡನ್ನೂ ಎದುರುಬದುರು ಸೇರಿಸಿ, ಕೊಂಡಿಯನ್ನು ಚೈನಿನ ಮೇಲ್ಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಒತ್ತಿದರೆ ಟಿಕ್ ಎಂದು ಕೂರುತ್ತದೆ. ಯಾರೂ ಯಾವ ಪಿನ್ನನ್ನೂ ಹೊಡೆಯಬೇಕಿಲ್ಲ. ಹೆಚ್ಚುವರಿ ಕೊಂಡಿಗಳನ್ನು ಕತ್ತರಿಸಲು ಚೈನ್ ಕಟ್ಟರ್ ಬೇಕು. ಆದರೆ ಅಲ್ಲಿ ಪಿನ್ನನ್ನು ಪೂರ್ತಿ ಹೊರಗೆ ತೆಗೆದು ಎಸೆಯುವುದರಿಂದ ಚಿಂತೆಯಿಲ್ಲ. ಎಷ್ಟು ಕತ್ತರಿಸಬೇಕು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಮುಂದೆ ಹಿಂದೆ ಎರಡೂ ಕಡೆ ದೊಡ್ಡ ಚಕ್ರಕ್ಕೆ ಬಂದಾಗಲೂ ಚೈನು ಸಾಲಬೇಕು. ಗಿಡ್ಡವಾದರೆ ಅದೊಂದೇ ತಪ್ಪಿಗೆ ಡಿರೈಲರ್ ಮುರಿಯಬಹುದು. ನಾನು ಹಳೆಯ ಚೈನಿನ ಕೊಂಡಿಗಳನ್ನು ಎಣಿಸಿ ಅಷ್ಟೇ ಇಟ್ಟುಕೊಂಡೆ.

ಕೆಸರು ಸೇರಿದ ಮೇಲೆ ಈ ಲಾಕ್ ಬರಿಗೈಗೆ ಬಿಚ್ಚುವುದಿಲ್ಲ. ಅದಕ್ಕೆಂದೇ ಮಾಡಿದ ಇಕ್ಕಳ ಸಿಗುತ್ತದೆ, ಕೊಂಡುಕೊಳ್ಳಿ.

ಸವೆತದ ವಿಚಾರಕ್ಕೆ ಬರುತ್ತೇನೆ. ‘ಚೈನು ಹಿಗ್ಗಿದೆ’ ಎನ್ನುತ್ತಾರೆ, ಆದರೆ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ ಮತ್ತು ಅದು ಕೂರುವ ರಂಧ್ರ ತೇದು, ಪ್ರತಿ ಕೊಂಡಿಯಲ್ಲೂ ಸ್ವಲ್ಪ ಸ್ವಲ್ಪ ಅಂತರ ಸೇರಿ ಉದ್ದವಾಗುತ್ತದೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. ಆದ್ದರಿಂದ ಉಕ್ಕಿನ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ ಹೊಸ ಚೈನಿನಲ್ಲಿ 24ನೆಯ ಅಂತರದ ಪಿನ್ ನೇರವಾಗಿ 12 ಇಂಚಿಗೆ ಬರುತ್ತದೆ. ಅದು ಇಂಚಿನ ಹದಿನಾರನೆಯ ಒಂದು ಭಾಗ ಮುಂದಕ್ಕೆ ಹೋದಾಗ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗದವರೆಗೆ ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದು ಕ್ಯಾಸೆಟ್ಟನ್ನೂ, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಂಪನ್ನೂ, ಬದಲಿಸಬೇಕಾಗುತ್ತದೆ. ನನ್ನ ಮೊದಲ ಎಕ್ಸ್8 ಹದಿನಾರನೆಯ ಒಂದು ಭಾಗದ ಗುರುತಿಗೆ 2,300 ಕಿಲೋಮೀಟರಿನಲ್ಲಿ ಬಂತು. ಎರಡನೆಯದು 3,400 ಬಾಳಿತು. ಚೈನು ಅದೇ, ರಸ್ತೆಯೂ ಅದೇ. ಬದಲಾದದ್ದು ನನ್ನ ಆರೈಕೆ.

ಮೊದಲನೆಯದಕ್ಕೆ ಬೈಕಿನಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಹಾಕುತ್ತಿದ್ದೆ. ಕಪ್ಪು ಮಸಿಯ ಹಾಗೆ ಧೂಳು ಕಚ್ಚಿಕೊಂಡು ಚೈನನ್ನು ಉಪ್ಪುಕಾಗದದಂತೆ ತೇಯುತ್ತಿತ್ತು. ನಮ್ಮ ಕಡೆ ಕೆಲವರು ತೆಂಗಿನೆಣ್ಣೆ ಹಾಕುತ್ತಾರೆ, ದಯವಿಟ್ಟು ಬೇಡ. ಕೆಲವೇ ದಿನಗಳಲ್ಲಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಸಿಗೆಗೆ ನಡೆಯುತ್ತದೆ, ಮಳೆಗೆ ಒಂದೇ ದಿನದಲ್ಲಿ ತೊಳೆದು ಹೋಗುತ್ತದೆ. ಈಗ ಮಳೆಗಾಲಕ್ಕೆಂದೇ ಮಾಡಿದ ಚೈನ್ ಆಯಿಲನ್ನು ಪ್ರತಿ ರೋಲರಿಗೆ, ಅಂದರೆ ಪಿನ್ನಿನ ಸುತ್ತ ತಿರುಗುವ ಪುಟ್ಟ ಉರುಳೆಗೆ, ಒಂದೊಂದು ಹನಿ ಬಿಡುತ್ತೇನೆ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತೇನೆ, ಅರ್ಧ ಗಂಟೆ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ. ಎಣ್ಣೆ ಬೇಕಿರುವುದು ಒಳಗೆ. ಮಳೆಯಲ್ಲಿ ನೆನೆದು ಬಂದ ಸಂಜೆ, ನನ್ನ ತಲೆ ಒರೆಸಿಕೊಳ್ಳುವ ಮೊದಲು ಚೈನು ಒರೆಸುತ್ತೇನೆ.

ತುಕ್ಕಿನ ಮಾತು ಹೇಳಬೇಕು. ಆಷಾಢದಲ್ಲಿ ಎರಡು ದಿನ ಒದ್ದೆಯಾಗಿ ಬಿಟ್ಟರೆ ಯಾವ ಉಕ್ಕಿನ ಚೈನಾದರೂ ಕೆಂಪಾಗುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಮೇಲ್ಮೈಯ ಕೆಂಪಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮಡಚದೆ ಗಟ್ಟಿಯಾದ ಕೊಂಡಿಗೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಡಿರೈಲರಿನ ಪುಟ್ಟ ಚಕ್ರಗಳನ್ನು ನೋಡಿ. ಗಟ್ಟಿ ಕೊಂಡಿ ಅಲ್ಲಿ ಬಂದಾಗ ಚೈನು ಜಿಗಿಯುತ್ತದೆ. ಎಣ್ಣೆ ಹಾಕಿ ಕೈಯಲ್ಲಿ ಮಡಚಿದರೂ ಸಡಿಲವಾಗದಿದ್ದರೆ ಆ ಕೊಂಡಿಯನ್ನು ತೆಗೆದು, ಚೈನು ಗಿಡ್ಡವಾಗದಂತೆ ಅದರ ಜಾಗಕ್ಕೆ ಲಾಕ್ ಹಾಕಿ. ತಿಂಗಳಿಗೊಮ್ಮೆ ಪಟ್ಟಿಗಳಲ್ಲಿ ಬಿರುಕು ಬಂದಿದೆಯೇ, ಯಾವುದಾದರೂ ಪಿನ್ ಒಂದು ಕಡೆಗೆ ಹೆಚ್ಚು ಚಾಚಿದೆಯೇ ಎಂದೂ ನೋಡುತ್ತೇನೆ. ಈ ಐದು ನಿಮಿಷವನ್ನು 2021ರಲ್ಲಿ ಕೊಟ್ಟಿದ್ದರೆ ಸುತ್ತಿಗೆಯೇಟಿನ ಆ ಪಿನ್ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ: ಒಂಬತ್ತು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಗೇರಿನ ಕ್ಯಾಸೆಟ್ ಇದ್ದವರಿಗೆ ಈ ಚೈನು ಆಗುವುದಿಲ್ಲ, ಅಗಲ ಹೆಚ್ಚಾಗುತ್ತದೆ. ಕೊಳ್ಳುವ ಮೊದಲು ಹಿಂದಿನ ಹಲ್ಲುಚಕ್ರಗಳನ್ನು ಎಣಿಸಿ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಹೆಚ್ಚುವರಿ ಲಾಕ್ ಮತ್ತು ಚಿಕ್ಕ ಕಟ್ಟರ್ ಇಟ್ಟುಕೊಳ್ಳಿ. ನನಗೆ ಅದು ಬೇಕಾಗಿಲ್ಲ. ಮಲ್ಪೆ ರಸ್ತೆಯಲ್ಲಿ ಚೈನು ತುಂಡಾಗಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಕಾಲೇಜು ಹುಡುಗನೊಬ್ಬನಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಅವನು ಹೊರಟ. ಅವನ ಚೈನಿನಲ್ಲೂ ಕಳಚಿದ್ದು ಯಾರೋ ಹಿಂದೆ ತೆಗೆದು ಹೊಡೆದಿದ್ದ ಪಿನ್ನೇ.

ಮೂರನೆಯ ಚೈನು ಈಗ 2,600 ಕಿಲೋಮೀಟರ್ ಓಡಿದೆ. ಕಳೆದ ಭಾನುವಾರ ಅಳೆದಾಗ ಸ್ಕೇಲಿನಲ್ಲಿ ಹದಿನಾರನೆಯ ಒಂದು ಭಾಗಕ್ಕೆ ಇನ್ನೂ ಕೂದಲೆಳೆಯಷ್ಟು ಬಾಕಿ ಇತ್ತು. ನಾಲ್ಕನೆಯದು ಕಪಾಟಿನಲ್ಲಿ ಪೊಟ್ಟಣ ಬಿಚ್ಚದೆ ಕಾದಿದೆ.