ಡೈಕ್ರೋಯಿಕ್ ಚೂರುಗಳ ಪ್ಯಾಕ್: ಕಿಲ್ನ್‌ಗೆ ಹೋಗಿ ಬಂದ ಮೇಲೆ ಬಣ್ಣ ಏನಾಗುತ್ತೆ?

ಕಿಲ್ನ್ ಎಂಬ ಕುಲುಮೆಯಲ್ಲಿ ಗಾಜು ಕರಗಿಸಿ ಪೆಂಡೆಂಟ್, ಕಿವಿಯೋಲೆ ಮಾಡುವವರಿಗೆಲ್ಲ ಡೈಕ್ರೋಯಿಕ್ ಮೇಲೆ, ಅಂದರೆ ಮೇಲಿಂದ ನೋಡಿದರೆ ಒಂದು ಬಣ್ಣ, ಬೆಳಕಿಗೆ ಹಿಡಿದರೆ ಇನ್ನೊಂದು ಬಣ್ಣ ತೋರುವ ಲೇಪದ ಗಾಜಿನ ಮೇಲೆ, ಒಂದು ಕಣ್ಣು ಇದ್ದೇ ಇರುತ್ತದೆ. ಆದರೆ ಇಡೀ ಹಾಳೆಗೆ ದುಡ್ಡು ಹಾಕಲು ಕೈ ಹಿಂಜರಿಯುತ್ತದೆ. ಹಾಗಾಗಿ ನಾನು ಕತ್ತರಿಸಿ ಉಳಿದ ಚೂರುಗಳ ಮಿಕ್ಸ್ ಪ್ಯಾಕ್ ತರಿಸಿದೆ. ಹೆಚ್ಚಿನವು ಕಪ್ಪು ಗಾಜಿನ ಮೇಲೆ ಲೇಪ ಇರುವವು, ಸ್ವಲ್ಪ ಕ್ಲಿಯರ್ ಗಾಜಿನವು, ಜೊತೆಗೆ ಒಂದಷ್ಟು ಇರಿಡ್ (ಮೇಲ್ಮೈಯಲ್ಲಿ ಕಾಮನಬಿಲ್ಲಿನ ಹೊಳಪಿರುವ ಗಾಜು) ತುಂಡುಗಳು. ಎಲ್ಲವೂ 3 ಮಿ.ಮೀ. ದಪ್ಪ.

ಮೊದಲೇ ಹೇಳಿಬಿಡುತ್ತೇನೆ. ಲೇಪದ ಗುಣಮಟ್ಟ ಚೆನ್ನಾಗಿದೆ, ಪ್ಯಾಕ್ ಮಾಡಿದ ರೀತಿ ಚೆನ್ನಾಗಿಲ್ಲ. ಇನ್ನೊಂದು ವಿಷಯ, ಪ್ಯಾಕ್ ಬಿಚ್ಚಿದಾಗ ಕಾಣುವ ಬಣ್ಣ ನೋಡಿ ಡಿಸೈನ್ ಮಾಡಬೇಡಿ.

ಡೈಕ್ರೋಯಿಕ್‌ನಲ್ಲಿ ಬಣ್ಣ ಅಂತ ಬಳಿದದ್ದು ಏನೂ ಇಲ್ಲ. ನಿರ್ವಾತ ಕೋಣೆಯಲ್ಲಿ ಟೈಟಾನಿಯಂ, ಸಿಲಿಕಾನ್ ಮುಂತಾದವುಗಳ ಆಕ್ಸೈಡ್‌ಗಳನ್ನು ಆವಿ ಮಾಡಿ, ಗಾಜಿನ ಮೇಲೆ ಪದರದ ಮೇಲೆ ಪದರವಾಗಿ ಕೂರಿಸುತ್ತಾರೆ. ಎಲ್ಲ ಪದರ ಸೇರಿದರೂ ದಪ್ಪ ಒಂದು ಮೈಕ್ರಾನ್ ಆಸುಪಾಸು. ಆ ಪದರಗಳು ಒಂದಿಷ್ಟು ಬಣ್ಣವನ್ನು ವಾಪಸ್ ಕಳಿಸುತ್ತವೆ, ಉಳಿದದ್ದನ್ನು ಒಳಗೆ ಬಿಡುತ್ತವೆ. ಕ್ಲಿಯರ್ ಚೂರೊಂದನ್ನು ಮೇಜಿನ ಮೇಲಿಟ್ಟರೆ ನೀಲಿ, ಬೆಳಕಿಗೆ ಹಿಡಿದರೆ ಹಳದಿ. ಇದೇ ಚೂರನ್ನು ಕಪ್ಪಿನ ಮೇಲಿಟ್ಟರೆ ಒಳಗೆ ಹೋದ ಹಳದಿಯನ್ನು ಕಪ್ಪು ನುಂಗಿಬಿಡುತ್ತದೆ, ನೀಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಬಿಳಿ ಗಾಜಿನ ಮೇಲಿಟ್ಟು ನೋಡಿ, ಹಳದಿಯೂ ವಾಪಸ್ ಬಂದು ನೀಲಿಗೆ ಸೇರಿ ಎಲ್ಲ ಸಪ್ಪೆ. ಬಿಳಿ ಬೇಸ್ ಬಳಸುವವರು ಈ ಪ್ಯಾಕ್ ಮುಟ್ಟದಿರುವುದೇ ಒಳ್ಳೆಯದು.

ಈಗ ಬೆಂಕಿಯ ಕಥೆ. ಒಂದೇ ಚೂರನ್ನು ಎರಡು ಮಾಡಿ, ಒಂದರ ಮೇಲೆ ಕ್ಲಿಯರ್ ಗಾಜು ಹೊದಿಸಿ, ಇನ್ನೊಂದನ್ನು ಹಾಗೇ ಬಿಟ್ಟು, 800 ಡಿಗ್ರಿ ಸೆಲ್ಸಿಯಸ್ ಹತ್ತಿರ ಫುಲ್ ಫ್ಯೂಸ್ ಮಾಡಿದೆ, ಅಂದರೆ ಗಾಜು ಪೂರ್ತಿ ಕರಗಿ ಒಂದಾಗುವಷ್ಟು ಕಾಯಿಸಿದೆ. ಹೊದಿಸಿದ್ದು ನುಣುಪಾಗಿ, ಆಳವಾಗಿ ಬಂತು. ಮೊದಲು ಹಸಿರಿದ್ದದ್ದು ಕೊಂಚ ನೀಲಿ ಕಡೆ ವಾಲಿತ್ತು, ಅಷ್ಟೇ. ಹಾಗೇ ಬಿಟ್ಟದ್ದು ಒಣದ್ರಾಕ್ಷಿಯ ಸಿಪ್ಪೆಯಂತೆ ಸುಕ್ಕಾಗಿ, ಲೋಹದ ತಗಡಿನ ಹೊಳಪು ಪಡೆದಿತ್ತು. ಕಾರಣ ಸರಳ. ಈ ಶಾಖಕ್ಕೆ ಗಾಜು ಕರಗುತ್ತದೆ, ಲೇಪ ಕರಗುವುದಿಲ್ಲ. ಪೂರ್ತಿ ಮೆತ್ತಗಾದ ಗಾಜು ತಾನಾಗಿ ಸುಮಾರು 6 ಮಿ.ಮೀ. ದಪ್ಪಕ್ಕೆ ಬರಲು ನೋಡುತ್ತದೆ. ಒಂಟಿ 3 ಮಿ.ಮೀ. ತುಂಡು ಅದಕ್ಕಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಮೇಲಿನ ಲೇಪಕ್ಕೆ ಮುದುಡದೆ ಬೇರೆ ದಾರಿ ಇಲ್ಲ. ಆ ಸುಕ್ಕು ಕೆಲವರಿಗೆ ಇಷ್ಟ. ನನಗೂ ಒಂದು ಬ್ರೋಚ್‌ನಲ್ಲಿ ಹಿಡಿಸಿತು. ಸುಕ್ಕು ಬೇಡ, ಮೇಲೆ ಗಾಜೂ ಬೇಡ ಅಂದರೆ 740 ಡಿಗ್ರಿ ಆಸುಪಾಸಿನ ಟ್ಯಾಕ್ ಫ್ಯೂಸ್‌ನಲ್ಲೇ (ತುಂಡುಗಳು ಆಕಾರ ಉಳಿಸಿಕೊಂಡು ಅಂಟುವಷ್ಟು ಮಾತ್ರ ಕಾಯಿಸುವುದು) ನಿಲ್ಲಿಸಿ.

ಇರಿಡ್ ತುಂಡುಗಳಲ್ಲಿ ಕಥೆ ಪೂರ್ತಿ ಉಲ್ಟಾ. ಹಾಳೆ ಇನ್ನೂ ಬಿಸಿಯಿರುವಾಗಲೇ ತವರದ ಕ್ಲೋರೈಡ್ ಆವಿ ಕೊಟ್ಟು ಮಾಡುವ ಒಂದೇ ತೆಳು ಪದರ ಅದು. ಮೇಲೆ ಗಾಳಿ, ಕೆಳಗೆ ಗಾಜು ಇದ್ದಾಗ ಕಾಮನಬಿಲ್ಲಿನ ಹೊಳಪು ಚೆನ್ನಾಗಿ ಕಾಣುತ್ತದೆ. ಮೇಲೂ ಗಾಜು ಹೊದಿಸಿದರೆ ಪ್ರತಿಫಲನ ಬಿದ್ದುಹೋಗಿ, ಹೊಳಪು ಅರ್ಧಕ್ಕರ್ಧ ಸತ್ತಂತೆ. ಡೈಕ್ರೋಯಿಕ್‌ನ ಪದರಗಳು ತಮ್ಮೊಳಗೇ ಬೆಳಕನ್ನು ಆಡಿಸುತ್ತವೆ, ಅದಕ್ಕೇ ಗಾಜಿನಡಿಯಲ್ಲೂ ಮಿಂಚುತ್ತದೆ. ಇದಕ್ಕೆ ಹೊದಿಕೆ ಬೇಕು, ಇರಿಡ್‌ಗೆ ಬೇಡ. ಪ್ಯಾಕ್ ಜೊತೆ ಬಂದ ಚೀಟಿಯಲ್ಲಿ ಈ ಒಂದು ಸಾಲು ಹಾಕಬಹುದಿತ್ತು, ಅಲ್ವಾ? ಅದರ ಬದಲು ಸುಮ್ನೆ ಧನ್ಯವಾದ ಹೇಳಿದ್ದಾರೆ.

ಇನ್ನು ತಕರಾರು. ಕೆಲವು ಸಣ್ಣ ಚೂರುಗಳ ಮೇಲೆ ಸಿಒಇ, ಅಂದರೆ ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಅಂತ ಹೇಳುವ ಸಂಖ್ಯೆ, ಬರೆದಿಲ್ಲ. 90 ಮತ್ತು 96 ಬೆರೆತರೆ ತಣ್ಣಗಾಗುವಾಗ ಬಿರುಕು ಗ್ಯಾರಂಟಿ. ಮಾರಿದವರಿಗೆ ಬರೆದರೆ "ಎಲ್ಲವೂ 90 ಇರಬಹುದು" ಅಂತ ಉತ್ತರ. ಇರಬಹುದು ಅಂತ ಯಾರು ಗಾಜು ಸುಡುತ್ತಾರೆ! ಗುರುತಿಲ್ಲದವನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ.

ಕ್ಲಿಯರ್ ಚೂರುಗಳಲ್ಲಿ ಲೇಪ ಯಾವ ಕಡೆ ಅನ್ನುವುದಕ್ಕೂ ಗುರುತಿಲ್ಲ. ಪೆನ್ಸಿಲ್ ತುದಿ ಒತ್ತಿ ನೋಡಿ. ತುದಿಯೂ ಅದರ ಬಿಂಬವೂ ತಾಗಿದರೆ ಲೇಪ ನಿಮ್ಮ ಕಡೆ ಇದೆ, ನಡುವೆ ಸಂದು ಕಂಡರೆ ಆಚೆ ಕಡೆ. ಇದು ಗೊತ್ತಿರಲೇಬೇಕು. ಎರಡು ಲೇಪದ ಮುಖಗಳು ಎದುರುಬದುರಾದರೆ ಅಂಟುವುದೇ ಇಲ್ಲ, ಕಿಲ್ನ್‌ನಿಂದ ತೆಗೆದಾಗ ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಕತ್ತರಿಸುವ ಗೆರೆಯನ್ನೂ ಲೇಪ ಇಲ್ಲದ ಕಡೆಯಿಂದಲೇ ಹಾಕಿ, ಅಂಚು ಸಿಬಿರಾಗುವುದು ಕಡಿಮೆ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಕಪ್ಪು ಬೇಸಿನ ಚೂರುಗಳಿಗಷ್ಟೇ ಆದರೆ ನಾಲ್ಕೂವರೆ ಕೊಡುತ್ತಿದ್ದೆ. ಮುಂದಿನ ಸಲ ಬರೀ ಕಪ್ಪಿನದೇ ಪ್ಯಾಕ್ ತರಿಸುತ್ತೇನೆ, ಅದೂ ಪ್ರತಿ ಚೂರಿನ ಮೇಲೂ ಸಿಒಇ ಸ್ಟಿಕ್ಕರ್ ಹಾಕಿ ಕಳಿಸುವವರ ಹತ್ತಿರ.